ಫಾರ್ಮು ಬರೆದವನೇ ಬ್ರೌಸರ್ ಆರಿಸಿದ

ನಮ್ಮ ಮುಶಿಗೇರಿಗೆ ಕಂಪ್ಯೂಟರು ಬಂದದ್ದು ಉತಾರದ ಬೆನ್ನು ಹತ್ತಿ. ಅದಕ್ಕೂ ಮೊದಲು ಹೊಲದ ಉತಾರ, ಎಂದರೆ ಪಹಣಿ, ಬೇಕೆಂದರೆ ತಲಾಠಿಯನ್ನು ಹುಡುಕಿಕೊಂಡು ಹೋಗಬೇಕಿತ್ತು. ಊರಿನ ಅಷ್ಟೂ ಎರಿ ಹೊಲದ ಲೆಕ್ಕ ಅವರ ಚೀಲದಲ್ಲಿತ್ತು. 2002ರ ಹೊತ್ತಿಗೆ ‘ಭೂಮಿ’ ಯೋಜನೆ ರಾಜ್ಯದ 177 ತಾಲೂಕುಗಳನ್ನೂ ಮುಟ್ಟಿತು. ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು, ಕೈಬರಹದ ಉತಾರಕ್ಕೆ ಬೆಲೆ ಇಲ್ಲದಂತಾಯಿತು. ಆಗ ನಾವಿನ್ನೂ ರೋಣ ತಾಲೂಕಿನವರು. ಗಜೇಂದ್ರಗಡ ತಾಲೂಕಾದದ್ದು ಬಹಳ ವರ್ಷಗಳ ಮೇಲೆ. ರೋಣದ ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಇಟ್ಟು ಸರ್ವೆ ನಂಬರ್ ಹೇಳಿದರೆ ಪ್ರಿಂಟರ್ ಕಿರುಗುಟ್ಟಿ ಹಾಳೆ ಹೊರಗೆ ಬರುತ್ತಿತ್ತು.

ಆ ಕಿಂಡಿಯ ಒಳಗಿದ್ದ ಪರದೆಯಲ್ಲಿ ಬ್ರೌಸರ್ ಇರಲಿಲ್ಲ. ತಾಲೂಕಿನ ಸರ್ವರಿಗೆ ನೇರವಾಗಿ ಜೋಡಿಸಿದ ತಂತ್ರಾಂಶವಿತ್ತು. ಅದನ್ನು ನಡೆಸುವವರು ಕಚೇರಿಯವರೇ ಆದ್ದರಿಂದ, ಹೊರಗೆ ನಿಂತವನಿಗೆ ಒಳಗಿನದರ ಗೊಡವೆಯೇ ಇರಲಿಲ್ಲ. ಬರಬರುತ್ತ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಬೆಳೆ ವಿಮೆ, ಪಿಂಚಣಿ, ಪರೀಕ್ಷೆಯ ಫಲಿತಾಂಶ ಎಲ್ಲವೂ ಇಂಟರ್‌ನೆಟ್ಟಿಗೆ ಬಂದವು. ಕಿಂಡಿ ಕಚೇರಿಯಿಂದ ಎದ್ದು ನಮ್ಮಂಥವರ ಅಂಗಡಿಗೆ ಬಂತು, ಅದರ ಹೆಸರು ಬ್ರೌಸರ್ ಆಯಿತು. ಮೊದಲು ಗಜೇಂದ್ರಗಡದ ಒಂದು ಸೈಬರ್ ಕೆಫೆಯಲ್ಲಿ ಕೆಲಸಕ್ಕಿದ್ದು, ಆಮೇಲೆ ಊರಲ್ಲೇ ಝರಾಕ್ಸು, ಆನ್‌ಲೈನ್ ಅರ್ಜಿಯ ಅಂಗಡಿ ಇಟ್ಟುಕೊಂಡವನು ನಾನು. ದಿನಬೆಳಗಾದರೆ ತೆರೆಯುವ ಬ್ರೌಸರ್ ನಮ್ಮ ಕಡೆ ಹಲವು ಸಲ ಬದಲಾದದ್ದನ್ನು ಕಂಡಿದ್ದೇನೆ. ಪೇಟೆಯ ಮಂದಿ ಬ್ರೌಸರ್ ಬದಲಿಸುವುದು ವೇಗಕ್ಕೆ, ಚಂದಕ್ಕೆ, ಗುಟ್ಟು ಕಾಯುವುದಕ್ಕೆ ಎಂದು ಓದಿದ್ದೇನೆ. ನಮ್ಮಲ್ಲಿ ಪ್ರತಿ ಬಾರಿಯೂ ಅದನ್ನು ನಿರ್ಧರಿಸಿದವರು ಬೇರೆ ಯಾರೋ: ಅಕ್ಷರ ಕೆತ್ತಿದವರು, ಫಾರ್ಮು ಬರೆದವರು, ಹೆಬ್ಬಟ್ಟಿನ ಮಷಿನ್ ಮಾಡಿದವರು.

ಬ್ರೌಸರುಗಳ ದೊಡ್ಡ ಕದನ ನಮ್ಮ ತನಕ ಬಂದಾಗ ಮುಗಿದೇ ಹೋಗಿತ್ತು. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕೇಂದ್ರವೊಂದರಿಂದ ಮೊಸಾಯಿಕ್ ಬಂತು. ಅದನ್ನು ಕಟ್ಟಿದವರಲ್ಲೇ ಕೆಲವರು ಸೇರಿ 1994ರಲ್ಲಿ ನೆಟ್‌ಸ್ಕೇಪ್ ಮಾಡಿದರು. ಮೈಕ್ರೋಸಾಫ್ಟ್ 1995ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ತಂದು, ಬರಬರುತ್ತ ವಿಂಡೋಸ್ ಜೊತೆಗೇ ಬಿಟ್ಟಿ ಕೊಡತೊಡಗಿತು. ಅದು ಅನ್ಯಾಯವೆಂದು 1998ರಲ್ಲಿ ಅಮೆರಿಕ ಸರಕಾರವೇ ಕೋರ್ಟಿಗೆ ಹೋಯಿತು. ತೀರ್ಪು, ಮೇಲ್ಮನವಿ, ರಾಜಿ ಎಲ್ಲ ಮುಗಿಯುವಷ್ಟರಲ್ಲಿ ನೆಟ್‌ಸ್ಕೇಪ್ ನೆಲ ಕಚ್ಚಿತ್ತು. ಗಜೇಂದ್ರಗಡದ ಕೆಫೆಯಲ್ಲಿ ನಾನು ಮೊದಲು ಕಂಡದ್ದು ವಿಂಡೋಸ್ ಎಕ್ಸ್‌ಪಿ ಪರದೆಯ ಮೇಲೆ ಎಕ್ಸ್‌ಪ್ಲೋರರಿನ ಗುರುತಾದ ನೀಲಿ ‘ಇ’ ಒಂದನ್ನೇ. ಅದು 2001ರಲ್ಲಿ ಬಂದ ಆರನೇ ಆವೃತ್ತಿ. ಎದುರಾಳಿ ಇಲ್ಲದ ಮೈಕ್ರೋಸಾಫ್ಟ್ ಮುಂದಿನ ಆವೃತ್ತಿಯನ್ನು ತಂದದ್ದು 2006ರಲ್ಲಿ. ಅದೂ ನಮ್ಮ ಕಡೆ ತಕ್ಷಣ ಇಳಿಯಲಿಲ್ಲ. ಕೆಫೆಗಳ ಎಕ್ಸ್‌ಪಿ ಬಹುಪಾಲು ನಕಲು ಸಿಡಿಯಿಂದ ಹಾಕಿದ್ದು. ಏಳನೇ ಆವೃತ್ತಿ ‘ನಿನ್ನ ವಿಂಡೋಸ್ ಅಸಲಿಯೋ’ ಎಂದು ಕೇಳಿ ಹಿಂದಕ್ಕೆ ಹೋಗುತ್ತಿತ್ತು. 2007ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟೇ ಆ ತಪಾಸಣೆ ತೆಗೆದುಹಾಕಿತು.

ಆಗ ನೆಟ್ ಎಂದರೆ ಬಿಎಸ್ಸೆನ್ನೆಲ್‌ನ ಫೋನಿನ ತಂತಿ, ಸಂಚಾರ್‌ನೆಟ್ ಖಾತೆ, ಮೋಡೆಮ್ಮಿನ ಕಿರುಚಾಟ. ಬ್ರಾಡ್‌ಬ್ಯಾಂಡ್ ಸೇವೆಯನ್ನು ಬಿಎಸ್ಸೆನ್ನೆಲ್ ಶುರು ಮಾಡಿದ್ದೇ 2005ರ ಜನವರಿಯಲ್ಲಿ. ಕೆಫೆಗೆ ಬರುವ ಹಳ್ಳಿಯ ಮಂದಿಗೆ ವರ್ಷದಲ್ಲಿ ಒಂದೇ ಸೀಸನ್ನು: ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ದಿನ. ಹಾಲ್ ಟಿಕೆಟ್ ಹಿಡಿದ ಹುಡುಗರ ಹಿಂದೆ ಅವರ ಅಪ್ಪ, ಕಾಕಾ ನಿಂತಿರುತ್ತಿದ್ದರು. ನಂಬರು ಹೊಡೆದು ಕಾಯುವುದು, ಬಿಳಿ ಪುಟ, ಮತ್ತೆ ಹೊಡೆಯುವುದು. ಉಳಿದ ದಿನ ಬರುವವರು ಪೇಪರ್ ಓದುವ ಹುಡುಗರು, ಇಮೇಲ್ ನೋಡುವ ಮೇಷ್ಟ್ರುಗಳು.

ಕನ್ನಡ ಪೇಪರ್ ಓದುವುದೇ ಬ್ರೌಸರಿನ ಮೊದಲ ಗಂಟು. ಆ ಕಾಲದ ಕನ್ನಡ ತಾಣಗಳು ಒಂದೊಂದೂ ಒಂದೊಂದು ಫಾಂಟ್ ಇಟ್ಟುಕೊಂಡಿದ್ದವು. ಒಳಗೆ ನೋಡಿದರೆ ಅಲ್ಲಿ ಕನ್ನಡವೇ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ, ತಲೆಗೆ ಟೋಪಿ ಬಾಲಕ್ಕೆ ಕೊಕ್ಕೆ ಇರುವ ಫ್ರೆಂಚ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಬರೆದು ಕೂರಿಸಿರುತ್ತಿದ್ದರು. ಒಂದು ಜಾಗದಲ್ಲಿ ತಲಕಟ್ಟು, ಇನ್ನೊಂದರಲ್ಲಿ ಕೊಂಬು, ಮತ್ತೊಂದರಲ್ಲಿ ಒತ್ತು. ಸರಕಾರಿ ಕಚೇರಿಗಳಲ್ಲಿ ಮನೆಮಾತಾದ ಕನ್ನಡ ಗಣಕ ಪರಿಷತ್ತಿನ ‘ನುಡಿ’, ಶೇಷಾದ್ರಿವಾಸು ಅವರು 1998ರಲ್ಲಿ ಕೊಟ್ಟ ‘ಬರಹ’ ಇವೂ ಮೊದಲು ಇದೇ ದಾರಿಯವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಲಸುಮೇಲೋಗರ. ಓದುವವನ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೂ ಪುಟದ ಜೊತೆಗೇ ಅದು ಇಳಿದು ಬರುವ ಉಪಾಯವನ್ನು ಮೈಕ್ರೋಸಾಫ್ಟ್ ಮಾಡಿತ್ತು. ನೆಟ್‌ಸ್ಕೇಪಿನ ಉಪಾಯ ಬೇರೆ. ಒಂದರದ್ದು ಇನ್ನೊಂದಕ್ಕೆ ಆಗುತ್ತಿರಲಿಲ್ಲ. ನೆಟ್‌ಸ್ಕೇಪ್ ಮುಳುಗಿದ ಮೇಲೆ ತಾಣದವರು ನೀಲಿ ‘ಇ’ಗೆ ಮಾತ್ರ ಫಾಂಟ್ ಕಟ್ಟಿಕೊಟ್ಟರು. ಹೀಗಾಗಿ ಕನ್ನಡ ಓದುವವನಿಗೆ ಬ್ರೌಸರಿನ ಆಯ್ಕೆಯೇ ಇರಲಿಲ್ಲ.

2004ರ ನವೆಂಬರ್ 9ರಂದು ಮೊಜಿಲ್ಲಾದ ಬ್ರೌಸರ್ ಫೈರ್‌ಫಾಕ್ಸ್ 1.0 ಹೊರಬಂತು. ಐದು ಎಂಬಿಗೂ ಕಡಿಮೆ ಇದ್ದದ್ದರಿಂದ ಫೋನ್ ತಂತಿಯಲ್ಲೂ ಇಳಿಸಬಹುದಾಗಿತ್ತು. ಕೆಫೆಗೆ ಬರುತ್ತಿದ್ದ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಅದನ್ನು ಹಾಕಿ ತೋರಿಸಿದ. ಒಂದೇ ಕಿಟಕಿಯಲ್ಲಿ ಸಾಲಾಗಿ ಟ್ಯಾಬ್. ಫಲಿತಾಂಶದ ದಿನ ಹತ್ತು ಹುಡುಗರ ನಂಬರು ಹತ್ತು ಟ್ಯಾಬಿನಲ್ಲಿ ಹೊಡೆದಿಟ್ಟು, ಯಾವುದು ಮೊದಲು ಬಂದರೆ ಅದನ್ನು ಓದಬಹುದು. ಆರನೇ ಆವೃತ್ತಿಯ ನೀಲಿ ‘ಇ’ಗೆ ಅದು ಗೊತ್ತೇ ಇರಲಿಲ್ಲ. ಸಣ್ಣ ಸಣ್ಣ ಜಾಹೀರಾತು ಕಿಟಕಿಗಳು ಪಟಪಟ ತೆರೆದುಕೊಳ್ಳುವ ಕಾಟವೂ ತಪ್ಪಿತು. ಮಾಲೀಕರು ಎಲ್ಲ ಕಂಪ್ಯೂಟರಿಗೂ ಹಾಕಿಸಿದರು. ಮರುದಿನವೇ ಪೇಪರ್ ಓದಲು ಬಂದ ಗಿರಾಕಿಗಳ ದೂರು ಶುರುವಾಯಿತು: “ಇದೇನ್ರೀ, ಇದರಾಗ ಕನ್ನಡ ಬರಂಗಿಲ್ಲ?” ತಾಣವೂ ಅದೇ, ಕಂಪ್ಯೂಟರೂ ಅದೇ, ಫಾಂಟಿನ ಉಪಾಯ ಮಾತ್ರ ಮೈಕ್ರೋಸಾಫ್ಟಿನದು. ಸಂಜೆಯಷ್ಟರಲ್ಲಿ ನೀಲಿ ‘ಇ’ ಪರದೆಗೆ ಮರಳಿ ಬಂತು. ಅಲ್ಲಿಂದ ಮುಂದೆ ಎಷ್ಟೋ ವರ್ಷ ನಮ್ಮ ಕಡೆಯ ಕಂಪ್ಯೂಟರುಗಳಲ್ಲಿ ಎರಡು ಬ್ರೌಸರ್ ಇಡುವ ರೂಢಿ ಬಿತ್ತು.

ಈ ಗಂಟನ್ನು ಬಿಚ್ಚಿದ್ದು ಬ್ರೌಸರ್ ಅಲ್ಲ, ಯೂನಿಕೋಡ್. ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಖ್ಯೆ, ಯಾವ ಫಾಂಟ್ ಬಂದರೂ ಬದಲಾಗದ ಸಂಖ್ಯೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ವಿಂಡೋಸ್ ಕನ್ನಡ ಕಲಿತದ್ದು 2001ರ ಎಕ್ಸ್‌ಪಿಯಲ್ಲಿ, ‘ತುಂಗಾ’ ಎಂಬ ಫಾಂಟಿನ ಜೊತೆ. ಕಲಿತದ್ದೂ ಅರ್ಧ ಮನಸ್ಸಿನಿಂದ. ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, ‘ರೀಜನಲ್ ಅಂಡ್ ಲ್ಯಾಂಗ್ವೇಜ್ ಆಪ್ಶನ್ಸ್’ ತೆರೆದು, ಎರಡನೇ ಟ್ಯಾಬಿನಲ್ಲಿ ಕೆಳಗಿದ್ದ ಸಣ್ಣ ಚೌಕಕ್ಕೆ ಟಿಕ್ ಹಾಕಬೇಕು. ಸಂಕೀರ್ಣ ಲಿಪಿಗಳಿಗೂ ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಿಗೂ ಸೇರಿ ಒಂದೇ ಚೌಕ. ಅಪ್ಲೈ ಒತ್ತಿದ ಕೂಡಲೇ ಎಕ್ಸ್‌ಪಿ ಸಿಡಿ ಹಾಕಿ ಎನ್ನುತ್ತಿತ್ತು. ಸಿಡಿ ಸಿಕ್ಕಿದರೆ ಹತ್ತು ನಿಮಿಷದ ಕೆಲಸ, ಒಮ್ಮೆ ಬಂದ್ ಮಾಡಿ ಚಾಲೂ ಮಾಡಿದರೆ ಒತ್ತಕ್ಷರಗಳು ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತಿದ್ದವು. ಸಿಡಿ ಎಲ್ಲಿದೆ ಎಂದು ಹುಡುಕುವುದೇ ದೊಡ್ಡ ಕೆಲಸ. ಗೀಚು ಬಿದ್ದು ಓದದ ಸಿಡಿಗೆ ಬಾಯಿಂದ ಊದಿ, ಅಂಗಿಯ ತುದಿಗೆ ಒರೆಸಿ ಹಾಕುತ್ತಿದ್ದೆವು. ಅದಾಗದಿದ್ದರೆ ಕನ್ನಡ ವಿಕಿಪೀಡಿಯ, ಸಂಪದದಂಥ ತಾಣಗಳು ಪರದೆಯ ತುಂಬ ಖಾಲಿ ಚೌಕಗಳ ಸಾಲಾಗಿ ತೆರೆದುಕೊಳ್ಳುತ್ತಿದ್ದವು.

ಫೈರ್‌ಫಾಕ್ಸೂ ಮೊದಲಿಗೆ ಕನ್ನಡದಲ್ಲಿ ಎಡವಿತು. ಎರಡನೇ ಆವೃತ್ತಿಯ ತನಕ, ಎರಡೂ ಅಂಚು ಸಮನಾಗಿರುವಂತೆ ಜೋಡಿಸಿದ ಪುಟದಲ್ಲಿ ಭಾರತೀಯ ಲಿಪಿಗಳು ಒಡೆದು ಬೀಳುತ್ತಿದ್ದವು. ಗುಣಿತ ಅತ್ತ, ಒತ್ತು ಇತ್ತ. 2008ರ ಜೂನ್ 17ರಂದು ಬಂದ ಮೂರನೇ ಆವೃತ್ತಿ ಅದನ್ನು ಸರಿಪಡಿಸಿತು. ಮೊದಲ ಇಪ್ಪತ್ನಾಲ್ಕು ಗಂಟೆಯಲ್ಲಿ 80 ಲಕ್ಷಕ್ಕೂ ಮಿಕ್ಕಿ ಮಂದಿ ಅದನ್ನು ಇಳಿಸಿಕೊಂಡು ಗಿನ್ನೆಸ್ ದಾಖಲೆಯಾಯಿತು. ನಮ್ಮ ಪಾಲಿಗೆ ದಾಖಲೆಗಿಂತ ದೊಡ್ಡದು ಆ ಒತ್ತಕ್ಷರ ನೆಟ್ಟಗಾದದ್ದು. ಅಷ್ಟರಲ್ಲಿ ಕನ್ನಡದ ತಾಣಗಳೂ ಒಂದೊಂದಾಗಿ ಹಳೆಯ ಫಾಂಟ್ ಬಿಟ್ಟು ಯೂನಿಕೋಡಿಗೆ ಬರತೊಡಗಿದ್ದವು. ಅಕ್ಷರ ಒಂದು ಕಂಪನಿಯ ಬ್ರೌಸರಿನ ಹಂಗಿನಿಂದ ಹೊರಬಂದದ್ದು ಆಗ. ಆಮೇಲೆ ಕಂಪ್ಯೂಟರಿಗೆ ಬಂದ ಯಾವ ಬ್ರೌಸರಿಗೂ ಕನ್ನಡದ ದೂರು ಕೇಳಿಬರಲಿಲ್ಲ ಎಂಬುದು ಸಣ್ಣ ಮಾತಲ್ಲ.

ಅದೇ 2008ರ ಸೆಪ್ಟೆಂಬರ್ 2ರಂದು ಗೂಗಲ್ ಕ್ರೋಮ್ ಬಂತು. ಎಷ್ಟೋ ಕಂಪ್ಯೂಟರಿಗೆ ಅದು ಹೇಳದೆ ಕೇಳದೆ ಬಂದಿತ್ತು: ಬೇರೇನೋ ಉಚಿತ ತಂತ್ರಾಂಶ ಹಾಕುವಾಗ ಕೆಳಗಿನ ಟಿಕ್ ತೆಗೆಯದಿದ್ದರೆ ಇದೂ ಜೊತೆಗೆ ಇಳಿಯುತ್ತಿತ್ತು. ವಿಳಾಸ ಬರೆಯುವ ಜಾಗದಲ್ಲೇ ಹುಡುಕುವುದು ನಮ್ಮ ಗಿರಾಕಿಗಳಿಗೆ ಹೇಳಿ ಮಾಡಿಸಿದಂತಿತ್ತು. ತಾಣದ ಪೂರ್ತಿ ವಿಳಾಸ ಬಾಯಿಪಾಠ ಇದ್ದವರು ಯಾರು? ತನ್ನಷ್ಟಕ್ಕೆ ತಾನೇ ಹೊಸದಾಗುವುದರಿಂದ ಅಂಗಡಿಯವನಿಗೂ ಉಸಾಬರಿ ಕಡಿಮೆ.

ಬೆಂಗಳೂರಿನಿಂದಲೂ ಒಂದು ಬ್ರೌಸರ್ ಬಂದಿತ್ತು ಎಂಬುದು ಈಗ ಬಹಳ ಮಂದಿಗೆ ನೆನಪಿಲ್ಲ. 2010ರ ಜುಲೈನಲ್ಲಿ ಹಿಡನ್ ರಿಫ್ಲೆಕ್ಸ್ ಎಂಬ ಕಂಪನಿ ‘ಎಪಿಕ್’ ಹೊರತಂದಿತು. ಫೈರ್‌ಫಾಕ್ಸಿನ ಬುನಾದಿಯ ಮೇಲೆ ಕಟ್ಟಿದ್ದು. ಪಕ್ಕದ ಪಟ್ಟಿಯಲ್ಲಿ ಭಾರತೀಯ ಭಾಷೆಗಳಲ್ಲಿ ಬರೆಯುವ ಸೌಕರ್ಯ, ವೈರಸ್ ಹುಡುಕುವ ಸಲಕರಣೆ, ನಮ್ಮ ಹಬ್ಬ, ಕಲೆ, ಊರುಗಳ ಚಿತ್ರದ ಅಲಂಕಾರ. ಭಾರತದ ಮೊದಲ ಬ್ರೌಸರ್ ಎಂದು ಪೇಪರಿನಲ್ಲಿ ಬಂದಾಗ ನಾವೂ ಹಾಕಿ ನೋಡಿದೆವು. ಕನ್ನಡದಲ್ಲಿ ಬರೆಯಲು ಹಿತವಾಗಿತ್ತು. ಆದರೆ ಬರಬರುತ್ತ ನಮ್ಮ ಹೊಟ್ಟೆ ತುಂಬಿಸತೊಡಗಿದ ಕೆಲಸಗಳು ಅದರಲ್ಲಿ ನಡೆಯುತ್ತಿರಲಿಲ್ಲ. 2013ರಲ್ಲಿ ಅದೇ ಕಂಪನಿ ಎಪಿಕ್‌ನ್ನು ಕ್ರೋಮಿನ ತೆರೆದ ಮೂಲದ ಮೇಲೆ ಹೊಸದಾಗಿ ಕಟ್ಟಿ, ಬೆನ್ನು ಹತ್ತುವ ಜಾಹೀರಾತುಗಳಿಂದ ಮರೆಮಾಡುವ ಬ್ರೌಸರನ್ನಾಗಿ ಬದಲಿಸಿತು. ಅದು ಬೇರೆ ಲೋಕದ ಗಿರಾಕಿಗಳಿಗೆ.

ನಮ್ಮ ಕೆಲಸಗಳು ಏಕೆ ನಡೆಯುತ್ತಿರಲಿಲ್ಲ ಎಂಬುದೇ ಈ ಇತಿಹಾಸದ ನಡುಗಂಬ. 2012ರ ಕೊನೆಯಲ್ಲಿ ನಾಡಕಚೇರಿಗಳು ಅಟಲ್‌ಜೀ ಜನಸ್ನೇಹಿ ಕೇಂದ್ರಗಳಾದವು. 2016ರಲ್ಲಿ ಪಂಚಾಯಿತಿಗಳಿಗೆ ಬಾಪೂಜಿ ಸೇವಾ ಕೇಂದ್ರ ಬಂತು. ಅದೇ ವರ್ಷ ಮುಂಗಾರಿನಿಂದ ಹೆಸರು, ಗೋವಿನಜೋಳದ ವಿಮೆಯ ಅರ್ಜಿಗಳು ‘ಸಂರಕ್ಷಣೆ’ ಪೋರ್ಟಲಿಗೆ ಹೋಗತೊಡಗಿದವು. ಇಂಥ ಕೆಲಸಕ್ಕೆ ಪೆನ್‌ಡ್ರೈವಿನಂಥ ಟೋಕನ್ನಿನಲ್ಲಿ ಡಿಜಿಟಲ್ ಸಹಿ ಬೇಕು, ಕೆಲವಕ್ಕೆ ಹೆಬ್ಬಟ್ಟು ಬೇಕು. ಬ್ರೌಸರ್ ಎಂಬುದು ಹೊರಗಿನ ಪುಟ ತೋರಿಸಲು ಹುಟ್ಟಿದ್ದೇ ಹೊರತು ಯುಎಸ್‌ಬಿ ತೂತಿಗೆ ಸಿಕ್ಕಿಸಿದ ಸಾಮಾನಿನ ಜೊತೆ ಮಾತಾಡಲು ಅಲ್ಲ. ಅದಕ್ಕೆ ನಡುವೆ ಒಬ್ಬ ದಲ್ಲಾಳಿ ಬೇಕು. ನೀಲಿ ‘ಇ’ಯಲ್ಲಿ ಆ ದಲ್ಲಾಳಿಯ ಹೆಸರು ಆಕ್ಟಿವ್‌ಎಕ್ಸ್, ಉಳಿದವಲ್ಲಿ ಜಾವಾ ಆ್ಯಪ್ಲೆಟ್ ಮುಂತಾದ ಪ್ಲಗಿನ್. ಪೋರ್ಟಲ್ ಕಟ್ಟಿದವರು ತಮ್ಮ ಟೇಬಲ್ಲಿನ ಕಂಪ್ಯೂಟರಿನಲ್ಲಿ ಯಾವುದು ನಡೆಯಿತೋ ಅದಕ್ಕೆ ಬರೆದು ಕೈತೊಳೆದುಕೊಂಡರು. ಲಾಗಿನ್ ಪುಟದ ಬುಡದಲ್ಲಿ ‘ಇಂತಿಂಥ ಬ್ರೌಸರಿನಲ್ಲಿ, ಇಷ್ಟೇ ಅಗಲದ ಪರದೆಯಲ್ಲಿ ಚೆನ್ನಾಗಿ ಕಾಣುತ್ತದೆ’ ಎಂಬ ಸಾಲು ಇರುತ್ತಿತ್ತು. ಅದು ಸಲಹೆಯಂತೆ ಕಂಡರೂ ನಡೆಯುತ್ತಿದ್ದದ್ದು ಅಪ್ಪಣೆಯಂತೆ.

ಪ್ಲಗಿನ್ನುಗಳಿಂದ ಕಳ್ಳರಿಗೂ ದಾರಿಯಾಗುತ್ತಿತ್ತು, ಬ್ರೌಸರೂ ಕುಸಿಯುತ್ತಿತ್ತು. ಆ ಕಾರಣಕ್ಕೆ ಕ್ರೋಮ್ 2015ರ ಸೆಪ್ಟೆಂಬರಿನ 45ನೇ ಆವೃತ್ತಿಯಲ್ಲಿ ಹಳೆಯ ಪ್ಲಗಿನ್ ದಾರಿಯನ್ನು ಪೂರ್ತಿ ಮುಚ್ಚಿತು. 2017ರ ಮಾರ್ಚಿನಲ್ಲಿ ಫೈರ್‌ಫಾಕ್ಸೂ ಫ್ಲ್ಯಾಶ್ ಒಂದನ್ನು ಬಿಟ್ಟು ಉಳಿದವನ್ನು ಕೈಬಿಟ್ಟಿತು. ಜಗತ್ತಿಗೆ ಅದು ಒಳ್ಳೆಯದೇ ಆಯಿತು. ಟೋಕನ್ ಇಟ್ಟುಕೊಂಡ ನಮ್ಮಂಥವರು ಮಾತ್ರ ಮತ್ತೆ ನೀಲಿ ‘ಇ’ಯ ಬಾಗಿಲಿಗೆ. ಒಂದು ಇಲಾಖೆಯ ಪೋರ್ಟಲಿಗಾಗಿ ‘ಕಂಪ್ಯಾಟಿಬಿಲಿಟಿ ವ್ಯೂ’ ಪಟ್ಟಿಗೆ ಆ ತಾಣದ ಹೆಸರು ಸೇರಿಸಿ, ಭದ್ರತೆಯ ಮಟ್ಟ ಕೆಳಗಿಳಿಸಿ, ಪಾಪ್-ಅಪ್ ತಡೆ ತೆಗೆದು, ಜಾವಾದ ಹಳೆಯ ಆವೃತ್ತಿಯನ್ನೇ ಉಳಿಸಿಕೊಂಡು ಕೂರುತ್ತಿದ್ದೆವು. ಜಾವಾ ತನ್ನಷ್ಟಕ್ಕೆ ಹೊಸದಾಗಿಬಿಟ್ಟರೆ ಮರುದಿನ ಸಹಿ ನಿಲ್ಲುತ್ತಿತ್ತು. ಕಂಪ್ಯೂಟರ್ ಹೊಸದಾಗದಂತೆ ಕಾಯುವುದೇ ಒಂದು ಕಸುಬಾಯಿತು.

ಹೆಬ್ಬಟ್ಟಿನ ಕಥೆ ಇನ್ನೊಂದು. 2017ರಿಂದ ಆಧಾರ್ ಪ್ರಾಧಿಕಾರ ನೋಂದಾಯಿತ ಮಷಿನ್ನುಗಳನ್ನಷ್ಟೇ ಒಪ್ಪತೊಡಗಿತು. ಇಂಥ ಮಷಿನ್ನಿನ ಕೆಲಸ ಹೀಗೆ: ಮಷಿನ್ನಿನ ಜೊತೆ ಒಂದು ಸಣ್ಣ ತಂತ್ರಾಂಶ ನಮ್ಮ ಕಂಪ್ಯೂಟರಿನಲ್ಲೇ ಕೂತು 11100 ಎಂಬ ಪೋರ್ಟಿನಲ್ಲಿ ಕಿವಿಗೊಟ್ಟಿರುತ್ತದೆ. ಪೋರ್ಟಲಿನ ಪುಟ ಬ್ರೌಸರಿಗೆ ‘ಆ ಪೋರ್ಟಿಗೆ ಹೋಗಿ ಹೆಬ್ಬಟ್ಟು ತಾ’ ಎನ್ನುತ್ತದೆ. ವಿಳಾಸ 127.0.0.1, ಎಂದರೆ ಇದೇ ಕಂಪ್ಯೂಟರು. ಪುಟ ಬಂದದ್ದು ಭದ್ರವಾದ ಸಂಪರ್ಕದಲ್ಲಿ, ಮಷಿನ್ನಿನ ತಂತ್ರಾಂಶ ಕೂತದ್ದು ಬೀಗವಿಲ್ಲದ ಸಂಪರ್ಕದಲ್ಲಿ. ಇವೆರಡನ್ನು ಕೂಡಿಸಬಹುದೋ ಬಾರದೋ ಎಂಬುದರಲ್ಲಿ ಒಂದೊಂದು ಬ್ರೌಸರಿನ ತೀರ್ಮಾನ ಒಂದೊಂದು ಕಾಲಕ್ಕೆ ಒಂದೊಂದು ಥರ ಇತ್ತು. ಮಷಿನ್ನಿನ ಕೆಂಪು ದೀಪ ಹತ್ತುತ್ತದೆ, ಬೆರಳ ಗುರುತೂ ಬೀಳುತ್ತದೆ, ಪುಟದಲ್ಲಿ ಮಾತ್ರ ‘ಸಾಧನ ಸಿಗಲಿಲ್ಲ’.

“ತಮ್ಮಾ, ನನ್ನ ಹೆಬ್ಬಟ್ಟು ಸವದಾವೇನೋ. ಹೊಲದಾಗ ಕಸಾ ತಗದು ತಗದು ಗೆರೀನ ಉಳದಿಲ್ಲ.”

“ನಿನ್ನ ಹೆಬ್ಬಟ್ಟು ಛಲೋ ಅದಾವ ಆಯೀ. ಮಷಿನ್ ತಗೊಂಡೈತಿ, ಬ್ರೌಸರ್ ತಗೋವಲ್ದು. ತಡಿ, ಇನ್ನೊಂದರಾಗ ತೆರೀತೀನಿ.”

ಇಂಥ ಮಾತು ನಮ್ಮ ಅಂಗಡಿಗಳಲ್ಲಿ ನಿತ್ಯದ್ದು. ಆಯಿಗೆ ಬ್ರೌಸರ್ ಎಂದರೆ ಏನೆಂದು ಗೊತ್ತಿರಬೇಕಾಗಿಲ್ಲ. ಆದರೆ ಅದರ ಪಂಕ್ತಿಭೇದದಿಂದ ಆಕೆಗೆ ಒಂದು ದಿನದ ಕೂಲಿ ಹೋಗುತ್ತದೆ, ತನ್ನ ಬೆರಳ ಮೇಲೇ ಆಕೆಗೆ ಗುಮಾನಿ ಬರುತ್ತದೆ.

ಅಂಗಡಿಯ ಕಥೆ ಹೀಗಿದ್ದರೆ ಕಿಸೆಯ ಕಥೆ ಬೇರೆ. ಊರ ಹುಡುಗರು ಮೊದಲು ಇಂಟರ್‌ನೆಟ್ ಕಂಡದ್ದು ನೋಕಿಯಾದ ಗುಂಡಿ ಫೋನುಗಳಲ್ಲಿ, ಒಪೇರಾ ಮಿನಿಯಲ್ಲಿ. 2006ರಲ್ಲಿ ಜಗತ್ತಿಗೆಲ್ಲ ಬಿಡುಗಡೆಯಾದ ಈ ಬ್ರೌಸರ್ ಪುಟವನ್ನು ತಾನು ತೆರೆಯುತ್ತಿರಲಿಲ್ಲ. ಒಪೇರಾ ಕಂಪನಿಯ ಸರ್ವರ್ ತೆರೆದು, ಹಿಂಡಿ ಸಣ್ಣದು ಮಾಡಿ ಕಳಿಸುತ್ತಿತ್ತು. ಹಾಗಾಗಿ ಹತ್ತು ರೂಪಾಯಿಯ ನೆಟ್ ಪ್ಯಾಕಿನಲ್ಲಿ ದಿನವಿಡೀ ಓದಬಹುದಿತ್ತು. ಆ ಫೋನುಗಳಿಗೆ ಕನ್ನಡ ಫಾಂಟ್ ಇರಲಿಲ್ಲ. ಪೇಪರ್ ತೆರೆದರೆ ಚೌಕಗಳ ಸಾಲು. ಅದಕ್ಕೊಂದು ಕೀಲಿ ಇತ್ತು. ವಿಳಾಸದ ಜಾಗದಲ್ಲಿ ‘ಒಪೇರಾ’ ಎಂದು ಬರೆದು, ಎರಡು ಚುಕ್ಕೆ ಇಟ್ಟು, ‘ಕಾನ್ಫಿಗ್’ ಎಂದು ಹೊಡೆದರೆ ಒಂದು ಗುಪ್ತ ಪುಟ ಬರುತ್ತಿತ್ತು. ಅದರ ತಳದಲ್ಲಿ, ಕಷ್ಟದ ಲಿಪಿಗಳನ್ನು ಚಿತ್ರವಾಗಿ ತೋರಿಸಬೇಕೇ ಎಂಬ ಪ್ರಶ್ನೆ. ‘ನೋ’ ಇದ್ದದ್ದನ್ನು ‘ಯೆಸ್’ ಮಾಡಿ ಉಳಿಸಿದರೆ ಸರ್ವರು ಕನ್ನಡವನ್ನು ಅಕ್ಷರವಾಗಿ ಕಳಿಸದೆ ಪುಟ್ಟ ಪುಟ್ಟ ಚಿತ್ರಗಳಾಗಿ ಕಳಿಸುತ್ತಿತ್ತು. ಡೇಟಾ ತುಸು ಹೆಚ್ಚು ಖರ್ಚು, ಅಷ್ಟೇ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬನಿಂದ ಒಬ್ಬನಿಗೆ ಹರಡಿದ ವಿದ್ಯೆ ಇದು. ಆಂಡ್ರಾಯ್ಡ್ ಫೋನುಗಳು ಕನ್ನಡ ಕಲಿತದ್ದು 2012ರ 4.1ನೇ ಆವೃತ್ತಿಯ ಹೊತ್ತಿಗೆ. ಅಲ್ಲಿಯ ತನಕ ಸಾವಿರ ರೂಪಾಯಿಯ ನೋಕಿಯಾದಲ್ಲಿ ಓದಲು ಸಿಗುತ್ತಿದ್ದ ಕನ್ನಡ, ಹತ್ತು ಸಾವಿರದ ಎಷ್ಟೋ ಫೋನುಗಳಲ್ಲಿ ಸಿಗುತ್ತಿರಲಿಲ್ಲ.

ಆಮೇಲೆ ಯುಸಿ ಬ್ರೌಸರ್. ಸಿನಿಮಾ ಹಾಡು ಇಳಿಸುವಾಗ ನೆಟ್‌ವರ್ಕ್ ಹೋದರೆ, ಬಂದ ಮೇಲೆ ನಿಂತಲ್ಲಿಂದಲೇ ಮುಂದುವರಿಸುತ್ತಿತ್ತು. ಒಂದೇ ಗೆರೆ ಸಿಗ್ನಲ್ ಇರುವ ಊರಲ್ಲಿ ಇದಕ್ಕಿಂತ ದೊಡ್ಡ ಗುಣ ಯಾವುದು? ನಮ್ಮಲ್ಲಿ ಮಂದಿ ನಿಜವಾಗಿ ತಾವೇ ಮೆಚ್ಚಿ ಆರಿಸಿಕೊಂಡ ಬ್ರೌಸರ್ ಎಂದರೆ ಇದೊಂದೇ ಇರಬೇಕು. ಅದನ್ನೂ ಅಪ್ಪಣೆಯೇ ತೆಗೆಯಿತು: ಗಲ್ವಾನ್ ಕಣಿವೆಯಲ್ಲಿ ನಮ್ಮ ಯೋಧರು ಮಡಿದ ಎರಡು ವಾರಕ್ಕೆ, 2020ರ ಜೂನ್ 29ರಂದು, ಸರಕಾರ ಚೀನಾ ಮೂಲದ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಪಟ್ಟಿಯಲ್ಲಿ ಯುಸಿಯೂ ಇತ್ತು. ಅಷ್ಟರಲ್ಲಿ ಅದರ ಜರೂರತ್ತೂ ಇಳಿದಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಹಿಂಡಿ ಉಳಿಸುವ ಬ್ರೌಸರುಗಳ ಕಾಲ ಮುಗಿದು, ಫೋನಿನ ಜೊತೆಗೇ ಬರುವ ಕ್ರೋಮ್ ಸಾಕಾಗಿತ್ತು. 2017ರ ಜಿಯೋಫೋನಿನ ಕಾಯ್ ಓಎಸ್ ಹುಟ್ಟಿದ್ದು ಮೊಜಿಲ್ಲಾ ಕೈಬಿಟ್ಟಿದ್ದ ಫೈರ್‌ಫಾಕ್ಸ್ ಓಎಸ್‌ನಿಂದ. ಕಟ್ಟೆಯ ಮೇಲೆ ಕೂತು ಜಿಯೋಫೋನಿನಲ್ಲಿ ಭಜನೆ ಕೇಳುವ ಅಜ್ಜಂದಿರು ಹೆಸರು ಗೊತ್ತಿಲ್ಲದೆಯೇ ಫೈರ್‌ಫಾಕ್ಸಿನ ವಂಶದ ಒಕ್ಕಲು.

ಫೋನಿನ ಜೊತೆಗೇ ಬರುವುದೂ ಒಂದು ಬಗೆಯ ಅಪ್ಪಣೆಯೇ. 1998ರಲ್ಲಿ ಮೈಕ್ರೋಸಾಫ್ಟಿನ ಮೇಲೆ ಬಂದ ದೂರನ್ನೇ ಹೋಲುವ ದೂರು ಇಲ್ಲಿ ಗೂಗಲ್ ಮೇಲೆ ಬಂತು. ತನ್ನ ಆ್ಯಪ್‌ಗಳ ಗಂಟನ್ನು ಫೋನ್ ಕಂಪನಿಗಳ ಮೇಲೆ ಹೇರಿದ್ದೂ ಸೇರಿದಂತೆ ಆಂಡ್ರಾಯ್ಡ್ ವಿಷಯದಲ್ಲಿ 2022ರ ಅಕ್ಟೋಬರಿನಲ್ಲಿ ಭಾರತದ ಸ್ಪರ್ಧಾ ಆಯೋಗ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಆ ಗಂಟಿನಲ್ಲಿ ಕ್ರೋಮೂ ಇತ್ತು.

ಅದೇ ವರ್ಷದ ಜೂನ್ 15ಕ್ಕೆ ನೀಲಿ ‘ಇ’ಯನ್ನು ಮೈಕ್ರೋಸಾಫ್ಟ್ ಅಧಿಕೃತವಾಗಿ ನಿಲ್ಲಿಸಿತು. ಅದಕ್ಕೆ ಸಮಾಧಿ ಕಲ್ಲು ನೆಟ್ಟದ್ದು ಅಮೆರಿಕದಲ್ಲಲ್ಲ, ದಕ್ಷಿಣ ಕೊರಿಯಾದಲ್ಲಿ. ಗ್ಯೊಂಗ್ಜು ಊರಿನ ಕೆಫೆಯೊಂದರಲ್ಲಿ ತಂತ್ರಾಂಶ ಇಂಜಿನಿಯರೊಬ್ಬರು, ಬೇರೆ ಬ್ರೌಸರ್ ಇಳಿಸಿಕೊಳ್ಳಲು ಒಳ್ಳೆಯ ಸಾಧನವಾಗಿತ್ತು ಎಂಬರ್ಥದ ಚುಚ್ಚುಮಾತು ಕೆತ್ತಿಸಿ ನಿಲ್ಲಿಸಿದರು. ಅವರ ಸಿಟ್ಟಿನ ಹಿಂದೆ ಒಂದು ದೇಶದ ಅನುಭವವಿತ್ತು. 1990ರ ದಶಕದ ಕೊನೆಯಲ್ಲಿ ಕೊರಿಯಾ ತನ್ನದೇ ಗೂಢಲಿಪಿ ವಿಧಾನ ಮಾಡಿಕೊಂಡು, ಬ್ಯಾಂಕು, ಸರಕಾರಿ ಕೆಲಸಕ್ಕೆ ಡಿಜಿಟಲ್ ಪ್ರಮಾಣಪತ್ರ ತಂದಿತು. ಬ್ರೌಸರುಗಳಿಗೆ ಅದು ಗೊತ್ತಿಲ್ಲದ್ದರಿಂದ ಆಕ್ಟಿವ್‌ಎಕ್ಸ್ ಮೂಲಕ ಕೂರಿಸಿದರು. ಸ್ವದೇಶಿ ಭದ್ರತೆಗೆಂದು ಮಾಡಿದ ಕೆಲಸ ಇಡೀ ದೇಶವನ್ನು ಪರದೇಶದ ಒಂದು ಕಂಪನಿಯ ಬ್ರೌಸರಿಗೆ ಕಟ್ಟಿಹಾಕಿತು. ಬಿಚ್ಚಿಕೊಳ್ಳಲು ಇಪ್ಪತ್ತು ವರ್ಷ ಹಿಡಿಯಿತು.

ನನ್ನ ಅಂಗಡಿಯ ಕೊನೆಯ ಬದಲಾವಣೆಗೆ ಕಾರಣ ಹಳೆಯ ಕಂಪ್ಯೂಟರು. 2023ರ ಫೆಬ್ರುವರಿಯಲ್ಲಿ ಕ್ರೋಮ್ 110 ಬಂದಾಗ ವಿಂಡೋಸ್ 7ರ ಕೈ ಬಿಟ್ಟಿತು. 109ರಲ್ಲೇ ನಿಂತ ಕ್ರೋಮ್ ತೆರೆದಾಗಲೆಲ್ಲ ಮೇಲ್ಗಡೆ ಹಳದಿ ಪಟ್ಟಿ ತೋರಿಸುತ್ತಿತ್ತು. ಹೊಸ ಕಂಪ್ಯೂಟರಿಗೆ ಆ ವರ್ಷ ಹಣ ಇರಲಿಲ್ಲ. ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾಗಿ, ಊರೂರಲ್ಲಿ ಹೆಣ್ಣುಮಕ್ಕಳು ರೇಷನ್ ಕಾರ್ಡು, ಆಧಾರ್ ಹಿಡಿದು ಓಡಾಡುತ್ತಿದ್ದ ದಿನಗಳವು. ಝರಾಕ್ಸಿಗೇ ಪುರುಸೊತ್ತಿಲ್ಲ. ಫೈರ್‌ಫಾಕ್ಸ್ ಮಾತ್ರ ತನ್ನ 115ನೇ ದೀರ್ಘಾವಧಿ ಆವೃತ್ತಿಯನ್ನು ವಿಂಡೋಸ್ 7ಕ್ಕೆ ಉಳಿಸಿಕೊಂಡು, ಭದ್ರತೆಯ ತಿದ್ದುಪಡಿಗಳ ಗಡುವನ್ನು ಮತ್ತೆ ಮತ್ತೆ ಮುಂದಕ್ಕೆ ಹಾಕಿತು. ದಿನದ ಕೆಲಸವನ್ನು ಅದಕ್ಕೆ ಬದಲಿಸಿದೆ.

ಬದಲಿಸುವಾಗ ಕಂಡದ್ದೊಂದು ಹೇಳಬೇಕು. ಆನ್‌ಲೈನ್ ಅಂಗಡಿಗಳ ಬ್ರೌಸರ್ ಅಂಗಡಿಯವನದ್ದಲ್ಲ, ಊರಿನದು. ಫಾರ್ಮಿನ ಹೆಸರಿನ ಜಾಗದಲ್ಲಿ ‘ಮ’ಗೆ ಬೇಕಾದ ಒಂದಕ್ಷರ ಒತ್ತಿದರೆ ಸಾಕು, ಕೆಳಗೆ ಮಲ್ಲಪ್ಪ, ಮಲ್ಲವ್ವ, ಮಹಾಂತೇಶ, ಮುತ್ತಪ್ಪ ಎಂದು ಪಟ್ಟಿ ಬಿಚ್ಚಿಕೊಳ್ಳುತ್ತದೆ, ಅಪ್ಪನ ಹೆಸರಿನ ಜಾಗದಲ್ಲಿ ಅವರ ಹಿಂದಿನ ತಲೆಮಾರು. ತೀರಿಹೋದವರೂ ಆ ಪಟ್ಟಿಯಲ್ಲಿ ಇರುತ್ತಾರೆ. ಅದರ ಹಿಂದೆ ಮೊಬೈಲ್ ನಂಬರು, ವಿದ್ಯಾರ್ಥಿವೇತನದ ಲಾಗಿನ್, ಪಾಸ್‌ವರ್ಡ್. ಹೊಸ ಬ್ರೌಸರ್ ಹಾಕಿದ ಕೂಡಲೇ ‘ಹಳೆಯದರಿಂದ ಎಲ್ಲ ತರಲೇ?’ ಎಂದು ಕೇಳುತ್ತದೆ. ಒಂದು ಗುಂಡಿ ಒತ್ತಿದರೆ ಊರಿಗೆ ಊರೇ ಆಚೆ ಹೋಗುತ್ತದೆ. ನಾನು ಬುಕ್‌ಮಾರ್ಕುಗಳನ್ನಷ್ಟೇ ತಂದೆ. ಪಾಸ್‌ವರ್ಡುಗಳನ್ನು ಅವರವರು ಬಂದಾಗ ಅವರವರ ಪಾಸ್‌ಬುಕ್ಕಿನ ಕವರಿನೊಳಗೆ ಚೀಟಿ ಬರೆದಿಟ್ಟು, ಕ್ರೋಮಿನಿಂದ ಅಳಿಸಿದೆ. ಈಗ ಕೆಲಸ ನಿಧಾನ. ಚೀಟಿ ಮನೆಯಲ್ಲಿ ಬಿಟ್ಟು ಬಂದವರು ಬೈಯುತ್ತಾರೆ. ಆದರೆ ಬೇರೆ ಅಂಗಡಿಗೆ ಹೋಗುವ ಸ್ವಾತಂತ್ರ್ಯ ಅವರಿಗೆ ಬಂದಿದೆ.

2023ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಸ್ವದೇಶಿ ಬ್ರೌಸರಿಗಾಗಿ ಸ್ಪರ್ಧೆ ಕರೆಯಿತು. ಬಹುಮಾನದ ಮೊತ್ತ ಮೂರು ಕೋಟಿ ನಲವತ್ತೊಂದು ಲಕ್ಷ. ನಡೆಸುವ ಹೊಣೆ ಬೆಂಗಳೂರಿನ ಸಿ-ಡ್ಯಾಕ್‌ಗೆ. ಭಾರತದ ಪ್ರಮಾಣೀಕರಣ ಪ್ರಾಧಿಕಾರದ ಮೂಲ ಪ್ರಮಾಣಪತ್ರ ಬ್ರೌಸರಿನೊಳಗೇ ಇರಬೇಕು, ಟೋಕನ್ನಿನಿಂದ ಬ್ರೌಸರಿನಲ್ಲೇ ಸಹಿ ಹಾಕುವಂತಿರಬೇಕು ಎಂಬವು ಮುಖ್ಯ ಬೇಡಿಕೆಗಳು. 2025ರಲ್ಲಿ ಝೋಹೊ ಕಂಪನಿಯ ‘ಉಲಾ’ ಮೊದಲ ಬಹುಮಾನ ಗೆದ್ದಿತು. ದಲ್ಲಾಳಿ ಇಲ್ಲದೆ ಟೋಕನ್ ಕೆಲಸ ಮಾಡುವುದಾದರೆ ನನ್ನಂಥವನಿಗಿಂತ ಖುಷಿಪಡುವವರು ಯಾರು? ಹಾಕಿ ನೋಡಿದ್ದೇನೆ, ಕನ್ನಡ ನೆಟ್ಟಗೆ ಕಾಣುತ್ತದೆ; ಮುಂದೆಯೂ ನೋಡುತ್ತೇನೆ.

ಆದರೆ ಕೊರಿಯಾದ ಪಾಠ ಇರುವುದು ಸರಿಯಾಗಿ ಇಲ್ಲೇ. ಟೋಕನ್ನಿನ ಸಹಿ ಒಂದೇ ಬ್ರೌಸರಿನಲ್ಲಿ ಸುಲಭವಾದರೆ, ಪೋರ್ಟಲ್ ಕಟ್ಟುವವರು ಸುಲಭದ್ದನ್ನೇ ಹಿಡಿಯುತ್ತಾರೆ, ಲಾಗಿನ್ ಪುಟದ ಬುಡದಲ್ಲಿ ಹೊಸ ಹೆಸರಿನ ಹಳೆಯ ಸಾಲು ಬರುತ್ತದೆ. ಬ್ರೌಸರ್ ಸ್ವದೇಶಿಯಾದ ಮಾತ್ರಕ್ಕೆ ಆ ಸಾಲು ಸಲಹೆಯಾಗುವುದಿಲ್ಲ. ಕನ್ನಡಕ್ಕೆ ಬಿಡುಗಡೆ ಕೊಟ್ಟದ್ದು ಇನ್ನೊಂದು ಒಳ್ಳೆಯ ಬ್ರೌಸರ್ ಅಲ್ಲ. ಎಲ್ಲ ಬ್ರೌಸರೂ ಒಪ್ಪಿದ ಒಂದು ಸಂಖ್ಯಾಪಟ್ಟಿ. ಸಹಿಗೂ ಹೆಬ್ಬಟ್ಟಿಗೂ ಅಂಥದ್ದೇ ಸರ್ವರೂ ಒಪ್ಪುವ ಕಟ್ಟಳೆ ಆಗಲಿ. ಟೆಂಡರ್ ಕರೆಯುವಾಗಲೇ ‘ಕನಿಷ್ಠ ಮೂರು ಬೇರೆ ಬೇರೆ ಬ್ರೌಸರಿನಲ್ಲಿ, ಒಂದು ಅಗ್ಗದ ಫೋನಿನಲ್ಲಿ ನಡೆಸಿ ತೋರಿಸಿದರೆ ಮಾತ್ರ ಬಿಲ್ಲು ಪಾಸು’ ಎಂದು ಇಲಾಖೆಗಳು ಬರೆದರೆ ಸಾಕು. ಆಮೇಲೆ ಯಾವ ಬ್ರೌಸರ್ ಇಟ್ಟುಕೊಳ್ಳಬೇಕು ಎಂಬುದನ್ನು ಮುಶಿಗೇರಿಯವರು ತಾವೇ ನೋಡಿಕೊಳ್ಳುತ್ತಾರೆ.